ಆಟಿಯಲ್ಲಿ ಬಂದ ಗಾಡಿ

ಖಾಲಿ ರೈಲುಗಾಡಿಯ ಸದ್ದೇ ಬೇರೆ ಎಂದು ಹರಿನಾಥನಿಗೆ ಈಚೆಗೆ ಅನ್ನಿಸತೊಡಗಿತ್ತು. ತುಂಬಿದ ಗಾಡಿ ನೆಲವನ್ನು ಒತ್ತಿಕೊಂಡು ಬರುತ್ತದೆ. ಖಾಲಿಯದ್ದು ಊಟ ಮುಗಿದ ಮೇಲೆ ತೊಳೆಯಲು ಹೊರಗೆಳೆವ ಕೊಪ್ಪರಿಗೆಯ ಹಾಗೆ ಬಡಬಡ ಎನ್ನುತ್ತದೆ. ಇದನ್ನು ಒಮ್ಮೆ ಹೆಂಡತಿ ಜಲಜಾಕ್ಷಿಯ ಹತ್ತಿರ ಹೇಳಿದ್ದ. ಅವಳು ನಗಬಹುದು ಎಂದುಕೊಂಡಿದ್ದರೆ ಅವಳು ಹತ್ತಿರ ಬಂದು ಹಣೆ ಮುಟ್ಟಿ ನೋಡಿ ಒಳಗೆ ಹೋದಳು. ಅಂದಿನಿಂದ ಯಾರಲ್ಲೂ ಹೇಳಿರಲಿಲ್ಲ. ಈಗ ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತ, ಕಾಸರಗೋಡಿನಿಂದ ಇನ್ನೂ ಹೊರಟೇ ಇರಲಾರದ ಗಾಡಿಗೆ ಕಿವಿಗೊಟ್ಟು ನಿಂತಿದ್ದ. ಮಳೆ ಬಿಟ್ಟಿರಲಿಲ್ಲ, ಬಿಡುವ ಲಕ್ಷಣವೂ ಇರಲಿಲ್ಲ. ಇವತ್ತು ತುಂಬುತ್ತದೆ, ಎಂದು ತನಗೇ ಹೇಳಿಕೊಂಡ. ಕಿಟ್ಟಣ್ಣ ಮಾತು ಕೊಟ್ಟಿದ್ದಾನೆ. ಕಿಟ್ಟಣ್ಣ ಹೊಸಂಗಡಿಯಲ್ಲಿ ಸೋಡ ಮಾಡಿ ಮಾರುವವನು, ಹರಿನಾಥನ ಪತ್ರಿಕೆ ಅಂಗಡಿಯ ಮಗ್ಗುಲಿನವನು. ಮಾತು ಕೊಟ್ಟು ತಪ್ಪಿದ ಮನುಷ್ಯನಲ್ಲ. ನಿನ್ನೆ ಅಂಗಡಿ ಮುಚ್ಚುವಾಗ ಬೆನ್ನು ತಟ್ಟಿ, ನಾಳೆ ರೈಲ್ವೆ ಇನ್ಸ್‌ಪೆಕ್ಟರ್ ಬರುವುದಲ್ಲವಾ, ಬರಲಿ, ಊರೇ ಸ್ಟೇಷನ್ನಿನಲ್ಲಿ ಇರುತ್ತದೆ, ನೀವು ಎಂತ ಹೆದರಬೇಡಿ ಎಂದಿದ್ದ. ಹೆದರುವುದಿಲ್ಲ ಎಂದು ಹರಿನಾಥ ಹೇಳಿದ್ದನಾದರೂ ಇಡೀ ರಾತ್ರಿ ಮಗ್ಗುಲು ಬದಲಿಸಿದ್ದ.

ಅವನು ಹೆದರಿದ್ದು ಗಾಡಿಗಾಗಿ ಎಂದು ಊರು ತಿಳಿದಿತ್ತು. ಪ್ರಯಾಣಿಕರ ಸಂಘದ ಕಾರ್ಯದರ್ಶಿ ಅವನೇ. ಬೆಳಿಗ್ಗೆ ಮಂಗಳೂರಿಗೆ ಹೋಗುವ ಹಳೆಯ ಗಾಡಿ ಶಾಲೆ, ಕಚೇರಿ ಎಲ್ಲ ಸುರುವಾದ ಮೇಲೆ ತಲುಪುತ್ತದೆ, ಹಿಂದೆ ಬರುವಾಗ ಊರಿನಲ್ಲಿ ಊಟವಾಗಿ ಮಲಗುವ ಹೊತ್ತು; ಆದ್ದರಿಂದ ಬೆಳಿಗ್ಗೆ ಬೇಗ ಹೋಗಿ ಸಂಜೆ ಬೇಗ ಬರುವ ಇನ್ನೊಂದು ಗಾಡಿ ಬೇಕು ಎಂದು ವರ್ಷಗಟ್ಟಲೆ ಅರ್ಜಿ ಹಾಕಿದವನು ಅವನು. ಸ್ವಾತಂತ್ರ್ಯಕ್ಕಿಂತ ಮೊದಲು ಒಂದು ಸರ್ಕಾರಕ್ಕೆ, ಆಮೇಲೆ ಇನ್ನೊಂದಕ್ಕೆ. ಆದರೆ ಈಚೆಗೆ ಅವನ ಒಳಗೆ ಆ ಗಾಡಿಯಲ್ಲಿ ಕೂತಿದ್ದದ್ದು ಒಬ್ಬಳೇ, ಮಗಳು ರಾಜೀವಿ. ಅವಳು ಎಸ್ಸೆಸ್ಸೆಲ್ಸಿ ಪಾಸಾಗಿ ಮಂಗಳೂರಿನ ಟ್ರೈನಿಂಗ್ ಶಾಲೆಗೆ ಸೇರುತ್ತೇನೆ ಎಂದಾಗ ಜಲಜಾಕ್ಷಿಯ ತಾಯಿ, ಅವನ ಅತ್ತೆ ಅಕ್ಕು, ವೀಳ್ಯದೆಲೆಯ ತೊಟ್ಟು ಮುರಿಯುತ್ತ, ದೀಪ ಹಚ್ಚುವ ಮೊದಲು ಈ ಮನೆಯ ಒಳಗೆ ಇರುವುದಾದರೆ ಹೋಗಲಿ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟಿದ್ದರು. ಈ ಮನೆ ಎಂದದ್ದು ಅವನಿಗೆ ಚುಚ್ಚಿತ್ತು. ಮನೆ ಅತ್ತೆಯದ್ದು, ಅವರ ತಾಯಿಯಿಂದ ಬಂದದ್ದು. ಮುಂದೆ ಜಲಜಾಕ್ಷಿಯದ್ದು, ಆಮೇಲೆ ರಾಜೀವಿಯದ್ದು. ಇಷ್ಟು ವರ್ಷ ಈ ಮಾಡಿನ ಕೆಳಗೆ ಮಲಗಿಯೂ ಅವನು ಬಂದವನೇ. ಹೆಣ್ಣಿನ ವಿಷಯದಲ್ಲಿ ಅವನ ಮಾತಿಗೆ, ಮನೆಗೆ ಬಂದ ನೆಂಟ ಮಜ್ಜಿಗೆಗೆ ಉಪ್ಪು ಕಡಿಮೆ ಎಂದರೆ ಎಷ್ಟು ಬೆಲೆಯೋ ಅಷ್ಟೇ. ಹಾಗಾಗಿ ಅತ್ತೆಗೆ ಎದುರು ಹೇಳಲಾರದೆ ಅವನು ಈ ಸಲ ಕಚೇರಿಗೇ ನಡೆದು ರೈಲ್ವೆಯವರಿಗೆ ಹೇಳಲು ಹೋದ. ಇದನ್ನು ನೆನೆದರೆ ಅವನಿಗೇ ನಗು ಬರುತ್ತಿತ್ತು, ಇವತ್ತು ಬರಲಿಲ್ಲ.

ಅವನೂ ರಾಜೀವಿಯೂ ಹೊರಟಾಗ ಅತ್ತೆ ಎಂದಿನಂತೆ ಚಾವಡಿಯ ಕಂಬಕ್ಕೆ ಒರಗಿ, ಎಂದಿನಂತೆ ಮುಖ ತಿರುಗಿಸಿದರು. ಆಷಾಢದ ಹಾಗೆ ಶುಭಕ್ಕಾಗದ ಆಟಿ ತಿಂಗಳಲ್ಲಿ ಹೊಸ ಗಾಡಿ ಹತ್ತಿ ಹೋಗುವ ಮೊಮ್ಮಗಳನ್ನು ಕಣ್ಣಿನಿಂದ ನೋಡಿ ಕಳಿಸಿದರೆ ಆ ತಪ್ಪಿನಲ್ಲಿ ತನಗೂ ಪಾಲು ಬರುತ್ತದೆ ಎಂದು ಅವರ ಎಣಿಕೆ. ಮೊದಲ ದಿನ ಅವರು ಬಾಯಿ ಬಿಟ್ಟೇ ಹೇಳಿದ್ದರು: ಮದುವೆಯಾದ ಹೆಣ್ಣನ್ನೇ ಗಂಡನ ಮನೆಯಿಂದ ತವರಿಗೆ ಕರೆತರುವ ತಿಂಗಳು, ಯಾರೂ ಒಂದು ಹೊಸ ಪಾತ್ರೆ ಒಲೆಗೆ ಇಡದ ತಿಂಗಳು, ನೀನು ನಿನ್ನ ಮಗಳನ್ನು ಹೊಸ ಗಾಡಿಗೆ ಹತ್ತಿಸುತ್ತೀಯಾ ಎಂದು. ಹತ್ತಿಸಿದ್ದ. ಹತ್ತಿಸಿದಂದಿನಿಂದ ಅವಳು ಒಮ್ಮೆ ಸೀನಿದರೂ ಅವನ ಎದೆ ಹಾರುತ್ತಿತ್ತು. ತನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ಎಂದು ಅವನು ಅಂಗಡಿಯ ಎದುರು ಎಷ್ಟೋ ಸಲ ಭಾಷಣ ಮಾಡಿದ್ದವನು. ಈಗ ಕೆಸರಿನಲ್ಲಿ ಮುಂದೆ ಹೋಗುತ್ತಿದ್ದ ಅವಳ ಕೊಡೆಯನ್ನೇ ನೋಡುತ್ತ, ಜಾರಬೇಡ, ಜಾರಬೇಡ ಎಂದು ಒಳಗೊಳಗೇ ಜಪಿಸುತ್ತಿದ್ದ. ಅವಳು ಜಾರುವವಳಲ್ಲ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಎಲ್ಲಿ ಕಲ್ಲು ಉಂಟು, ಎಲ್ಲಿ ಗುಂಡಿ ಉಂಟು ಎಂದು ತಿಳಿದು ನಡೆಯುತ್ತಿದ್ದಳು. ಜಾರಿದ್ದು ಅವನು. ಗದ್ದೆಗಳ ನಡುವಿನ ಹುಣಿಯಲ್ಲಿ ಒಂದು ಕಾಲು ಮೊಣಕಾಲಿನವರೆಗೆ ಇಳಿದು ಚಪ್ಪಲಿ ಅಲ್ಲೇ ಉಳಿಯಿತು. ಕೈಹಾಕಿ ಹುಡುಕಿ ತೆಗೆದು, ನೀರಿನಲ್ಲಿ ಅಲುಗಿಸುತ್ತಿರುವಾಗ ಅವಳು ನಿಂತು ಕಾದಳು. ಒಮ್ಮೆ ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಅಂದೂ ಚಪ್ಪಲಿ ಒದ್ದೆಯೇ ಆಗಿತ್ತು, ಗಾಡಿ ಕೇಳಲು ಹೋದ ದಿನ, ಮಂಗಳೂರಿನ ರೈಲ್ವೆ ಕಚೇರಿಯಲ್ಲಿ. ಮಳೆ ಆಗಷ್ಟೇ ಹಿಡಿದಿತ್ತು. ಕೆಂಪು ಗಾರೆಯ ಹೊಳೆಯುವ ನೆಲದ ಮೇಲೆ ತನ್ನ ಹೆಜ್ಜೆಗಳು ಬಾಗಿಲಿನಿಂದ ಕುರ್ಚಿಯವರೆಗೆ ಮೂಡಿದ್ದನ್ನು ನೋಡಿ ಅವನು ಕಾಲುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡಿದ್ದ. ಜೊತೆಗೆ ಬಂದಿದ್ದ ಕಿಟ್ಟಣ್ಣ ನಿರಾಳವಾಗಿ, ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡುತ್ತ ಕೂತಿದ್ದ. ಅವನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಅವನಿಗೆ ಯಾವ ಕಷ್ಟವೂ ಇರಲಿಲ್ಲ. ಇನ್ಸ್‌ಪೆಕ್ಟರ್ ತಮಿಳು ಸೀಮೆಯ ತೆಳ್ಳಗಿನ ಯುವಕ. ಗಾಡಿಯನ್ನು ಪರೀಕ್ಷೆಗೆಂದು ಕೆಲವು ವಾರ ಬಿಟ್ಟು ನೋಡುವುದು, ಜನ ಹತ್ತಿದರೆ ಉಳಿಸುವುದು, ಇಲ್ಲದಿದ್ದರೆ ತೆಗೆಯುವುದು ಎಂದು ವಿವರಿಸಿದ. ಆಮೇಲೆ ಪೆನ್ನು ಕೆಳಗಿಟ್ಟು ಹರಿನಾಥನನ್ನು ನೋಡಿ, ಜುಲೈ ನಡುವಿನಿಂದ ಸುರು ಮಾಡಿದರೆ ನಿಮ್ಮ ಕಡೆಯ ಜನಕ್ಕೆ ಆಗುತ್ತದೆಯೇ, ಯೋಚಿಸಿ ಹೇಳಿ, ಬೇಕಾದರೆ ಮುಂದಕ್ಕೆ ಹಾಕಬಹುದು ಎಂದು ಕೇಳಿದ. ಆ ಕ್ಷಣ ಹರಿನಾಥನ ನಾಲಿಗೆಯ ತುದಿಗೆ ಆಟಿ ಬಂದಿತ್ತು. ಜುಲೈ ನಡುವು ಎಂದರೆ ಆಟಿಯ ಹೊಸ್ತಿಲು. ಆಟಿ ಕಳೆದು ಸೋಣ ತಿಂಗಳು ಬರಲಿ ಸರ್, ಸೋಣದಲ್ಲಿ ಸುರು ಮಾಡಿ ಎನ್ನಬೇಕು. ಆದರೆ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಅವನ ಇಂಗ್ಲಿಷ್ ಪತ್ರಿಕೆ ಓದಿ ಕಲಿತದ್ದು, ಮಾಸ್ತರರಿಲ್ಲದೆ, ಮಾರಾಟವಾಗದೆ ಉಳಿದ ಪ್ರತಿಗಳಿಂದ ಒಂದೊಂದೇ ಶಬ್ದ ಹೆಕ್ಕಿದ್ದು. ಪತ್ರಿಕೆಗಳಲ್ಲಿ ಇಂಥದ್ದಕ್ಕೆಲ್ಲ ಒಂದೇ ಶಬ್ದ ಇತ್ತು, ಮೂಢನಂಬಿಕೆ ಎಂದು. ಆ ಶಬ್ದವನ್ನು ಆ ಮೇಜಿನ ಮೇಲೆ, ತಾನಿನ್ನೂ ಮುಟ್ಟಿರದ ಕಾಫಿಯ ಪಕ್ಕದಲ್ಲಿ ಇಡಲು ಅವನಿಗೆ ಮನಸ್ಸಾಗಲಿಲ್ಲ. ನಮ್ಮ ಜನ ವಿದ್ಯಾವಂತರು ಸರ್, ಯಾವಾಗ ಬಿಟ್ಟರೂ ಹತ್ತುತ್ತಾರೆ ಎಂದ. ಇನ್ಸ್‌ಪೆಕ್ಟರ್ ಸ್ವಲ್ಪ ಹೊತ್ತು ಅವನನ್ನೇ ನೋಡಿದ. ಆ ನೋಟವನ್ನು ಹರಿನಾಥ ಅಂದಿನಿಂದ ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದನೋ! ಅದು ತಾತ್ಸಾರ ಎಂದು ಕೊನೆಗೆ ತೀರ್ಮಾನಿಸಿದ್ದ. ಒದ್ದೆ ಕಾಲಿನ ಈ ಮನುಷ್ಯ ವಿದ್ಯೆಯ ಮಾತಾಡುತ್ತಾನಲ್ಲ ಎಂಬ ತಾತ್ಸಾರ. ಮೆಟ್ಟಿಲು ಇಳಿಯುವಾಗ ಕಿಟ್ಟಣ್ಣ ಎಂತ ಕೇಳಿದ್ರು ಎಂದದ್ದಕ್ಕೆ, ಎಂತ ಇಲ್ಲ, ತಾರೀಕು ಅವರೇ ಇಟ್ಟರು ಎಂದು ಹೇಳಿದ್ದ.

ಊರು ಅದನ್ನು ನಂಬಿತು. ರೈಲ್ವೆಯವರಿಗೆ ಆಟಿ ಗೊತ್ತುಂಟಾ ಪಾಪ ಎಂದಿತು. ಗಾಡಿ ಬಂದ ಮೊದಲ ದಿನ ಜನ ಗದ್ದೆ ಕೆಲಸ ಬಿಟ್ಟು ಬಂದು ಎಂಜಿನ್ನಿಗೆ ಕೇಪುಳ ಹೂವಿನ ಮಾಲೆ ಹಾಕಿದರು, ಡ್ರೈವರನಿಗೆ ಎಳನೀರು ಕೊಟ್ಟರು, ಗಾಡಿ ಹೊರಟಾಗ ಕೈಬೀಸಿದರು. ರಾಜೀವಿಯ ಹೊರತು ಯಾರೂ ಹತ್ತಲಿಲ್ಲ. ಮಾರನೆಯ ದಿನವೂ ಹತ್ತಲಿಲ್ಲ. ಮಂಗಳೂರಿಗೆ ಹೋಗುವವರು ಇರಲಿಲ್ಲವೆಂದಲ್ಲ. ಹಳೆಯ ಗಾಡಿಗೆ ಹೋಗುತ್ತಿದ್ದರು, ಹೊತ್ತುಗೊತ್ತಿಲ್ಲದ ಬಸ್ಸಿಗೆ ಹೋಗುತ್ತಿದ್ದರು. ಮೀಂಜದ ಉಗ್ಗಪ್ಪಣ್ಣ, ಸಂಘಕ್ಕೆ ಎಲ್ಲರಿಗಿಂತ ಹೆಚ್ಚು ಓಡಾಡಿದವರು, ಕಣ್ಣಿನ ಔಷಧಿಗೆಂದು ವಾರಕ್ಕೊಮ್ಮೆ ಮಂಗಳೂರಿಗೆ ಹೋಗುವವರು, ಅಂಗಡಿಗೆ ಬಂದು ಕೂತು ಸಮಾಧಾನ ಹೇಳಿದ್ದರು: ಹೋಗದೆ ಎಂತ, ಆದರೆ ಮೊದಲ ಕಾಲು ಹರಿಯಣ್ಣ, ಹೊಸ ಗಾಡಿಗೆ ಮೊದಲ ಕಾಲು ಆಟಿಯಲ್ಲಿ ಇಟ್ಟರೆ ಆ ಗಾಡಿಗೇ ಒಳ್ಳೆಯದಲ್ಲ, ನಿಮ್ಮ ಗಾಡಿ ಚೆನ್ನಾಗಿರಬೇಕು ಅಂತ ನಾವು ಹತ್ತದಿರುವುದು. ಇದಕ್ಕೆ ಎಂತ ಹೇಳುವುದು? ದ್ವೇಷವಿದ್ದರೆ ಜಗಳ ಮಾಡಬಹುದು. ಮನೆಮನೆಗೆ ಹೋದ. ಹೋದಲ್ಲೆಲ್ಲ ಪತ್ರೊಡೆ ಕೊಟ್ಟರು, ಕೂರಿಸಿದರು, ಗಾಡಿಯ ಯೋಗಕ್ಷೇಮ ವಿಚಾರಿಸಿದರು, ಸೋಣ ಬರಲಿ ಎಂದರು. ಗಾಡಿಯ ವಾಯಿದೆ ಆಟಿ ಕಳೆಯುವ ಮೊದಲೇ ಮುಗಿಯುತ್ತದೆ ಎಂದರೆ, ಛೇ, ಹಾಗೆಲ್ಲ ಮಾಡಲಿಕ್ಕಿಲ್ಲ ಎಂದು ಇನ್ನೊಂದು ಪತ್ರೊಡೆ ಬಡಿಸಿದರು.

ಸ್ಟೇಷನ್ನಿನ ತಿರುವಿನಲ್ಲಿ ರಾಜೀವಿ ನಿಂತುಬಿಟ್ಟಳು. ಟಿಕೇಟಿನ ಕಿಂಡಿಯಿಂದ ಹೊರಗಿನ ಅಶ್ವತ್ಥದ ಬುಡದವರೆಗೆ ಸಾಲು. ಕೊಡೆಗಳು, ತಾಳೆ ಓಲಿಯ ಕೊಡೆಗಳು, ತಲೆಗೆ ಹಾಕಿದ ಅಡಿಕೆ ಹಾಳೆಯ ಮುಟ್ಟಾಳೆಗಳು. ಎಲ್ಲರ ಎದುರು ಕಿಟ್ಟಣ್ಣ, ಒಗೆದ ಪಂಚೆ ಉಟ್ಟು. ಅವನ ಹಿಂದೆ ಉಗ್ಗಪ್ಪಣ್ಣ, ಎತ್ತಿನ ಗಾಡಿ ಹೊಡೆಯುವ ಕುಂಞ, ಹಂಚಿನ ವ್ಯಾಪಾರದ ಮಹಾಲಿಂಗ. ಮೀನು ಮಾರುವ ಅಮ್ಮಣಿ ಕೂಡ ಬುಟ್ಟಿ ಇಲ್ಲದೆ ಬಂದಿದ್ದಳು. ಜನ ಎಂದರೆ ಇವರು ಎಂದುಕೊಂಡ ಹರಿನಾಥ. ತಾನು ಈ ರಾತ್ರಿಗಳಲ್ಲಿ ಇವರನ್ನು ಮನಸ್ಸಿನೊಳಗೆ ಎಷ್ಟು ಬೈದಿದ್ದೆ ಎಂದು ನಾಚಿದ. ಪ್ಲಾಟ್‌ಫಾರ್ಮಿನಲ್ಲಿ ಇನ್ಸ್‌ಪೆಕ್ಟರ್ ಸ್ಟೇಷನ್ ಮಾಸ್ತರರ ಜೊತೆ ನಿಂತಿದ್ದವನು ಹರಿನಾಥನನ್ನು ಕಂಡು ಎದುರು ಬಂದು ಕೈಕುಲುಕಿದ. ನಿಮ್ಮ ಜನ ಬಂದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಹೌದು ಸರ್ ಎನ್ನುವಾಗ ಹರಿನಾಥ ತನ್ನ ಕೆಸರಿನ ಕಾಲನ್ನು ಎಲ್ಲೂ ಅಡಗಿಸಲಿಲ್ಲ. ಅಷ್ಟು ಹೊತ್ತು, ಸಿಗ್ನಲ್ ಬೀಳುವವರೆಗೆ, ಆಮೇಲೆ ಉಪ್ಪಳದ ಕಡೆಯಿಂದ ಹೊಗೆ ಕಾಣುವವರೆಗೆ, ಅವನು ಸುಖವಾಗಿದ್ದ.

ಗಾಡಿ ಬಂದು ನಿಂತಿತು. ಬಾಗಿಲುಗಳು ತೆರೆದವು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಅದು ಮರ್ಯಾದೆಗೆ, ಮೊದಲು ತಾನು ಹತ್ತಲಿ ಎಂಬುದಕ್ಕೆ ಎಂದುಕೊಂಡ ಹರಿನಾಥ. ಹತ್ತಿ, ಕಿಟ್ಟಣ್ಣ, ಹತ್ತಿ ಎಂದು ಕೈಮಾಡಿದ. ಕಿಟ್ಟಣ್ಣ ಟಿಕೇಟನ್ನು ಎತ್ತಿ ತೋರಿಸಿದ, ಶಾಲೆಯಲ್ಲಿ ಸ್ಲೇಟು ತೋರಿಸುವ ಹಾಗೆ. ಅವನು ಎತ್ತಿದ್ದು ನೋಡಿ ಉಳಿದವರೂ ಎತ್ತಿದರು.

"ನೀವು ಹತ್ತಿ ಹರಿಯಣ್ಣ, ನೀವು ಮತ್ತು ಮಗು," ಎಂದ ಕಿಟ್ಟಣ್ಣ. "ನಮ್ಮದು ಟಿಕೇಟು ಆಗಿದೆ."

"ಟಿಕೇಟು ತೆಗೆದು ಹತ್ತದೆ ನಿಲ್ಲುದಾ?"

"ರೈಲ್ವೆಯವರಿಗೆ ಬೇಕಾದ್ದು ಟಿಕೇಟಲ್ಲವಾ ಮಾರಾಯ್ರೆ? ಅದು ಕೊಟ್ಟಾಯ್ತು. ಕಾಲು ಎಂತಕ್ಕೆ ಅವರಿಗೆ? ಸೋಣದಲ್ಲಿ ಕಾಲೂ ಇಡುವ."

ಉಗ್ಗಪ್ಪಣ್ಣ ಮುಂದೆ ಬಾಗಿ, ಅವನಿಗೆ ಧೈರ್ಯ ಬರಲೆಂದು ಮೆಲ್ಲಗೆ ಹೇಳಿದರು, ತನಗೆ ಇವತ್ತು ಹೇಗೂ ಮಂಗಳೂರಿಗೆ ಹೋಗಲಿಕ್ಕುಂಟು, ಹಿಂದಿನಿಂದ ಹಳೆಯ ಗಾಡಿ ಬರುತ್ತದಲ್ಲ, ಈ ಟಿಕೇಟು ಅದಕ್ಕೂ ನಡೆಯುತ್ತದೆ ಎಂದು ಮಾಸ್ತರರಲ್ಲಿ ಕೇಳಿಯೇ ತೆಗೆದದ್ದು, ನಷ್ಟ ಎಂತ ಇಲ್ಲ. ಗಾರ್ಡು ಸೀಟಿ ಊದಿದ. ಹರಿನಾಥನಿಗೆ ಅವರ ಮುಖಗಳೆಲ್ಲ ಒಂದೇ ಸಲ ಕಂಡವು: ಒಳ್ಳೆಯ ಕೆಲಸ ಮಾಡಿದವರ, ಹೊಗಳಿಕೆಗೆ ಕಾಯದ, ಮಳೆಯಲ್ಲಿ ತೋಯ್ದ ಮುಖಗಳು. ಬೈಯಲು ಅಲ್ಲಿ ಒಂದು ಮುಖವಾದರೂ ಇದ್ದಿದ್ದರೆ. ರಾಜೀವಿ ಅವನ ತೋಳು ಹಿಡಿದು ಒಳಗೆಳೆದಳು. ಗಾಡಿ ಅಲುಗಿತು. ಜನ ಟಿಕೇಟು ಹಿಡಿದ ಕೈಯನ್ನೇ ಬೀಸಿದರು. ಚಲಿಸುವ ಗಾಡಿಯ ಹಿಡಿಕೆ ಹಿಡಿದು ಇನ್ಸ್‌ಪೆಕ್ಟರ್ ಅವರ ಡಬ್ಬಿಗೇ ಹಾರಿ ಹತ್ತಿಕೊಂಡ.

ಖಾಲಿ ಬೆಂಚುಗಳ ಮೇಲೆ ಕಿಟಕಿಯಿಂದ ಇರಚಲು ಹೊಡೆಯುತ್ತಿತ್ತು. ಇನ್ಸ್‌ಪೆಕ್ಟರ್ ಎದ್ದು ಒಂದೊಂದೇ ಕಿಟಕಿ ಇಳಿಸಿದ. ಅವನು ಸಿಟ್ಟಾಗಿರಲಿಲ್ಲ, ಅದೇ ಕಷ್ಟ. ಎದುರು ಬಂದು ಕೂತು, ಮೊಣಕಾಲಿನ ಮೇಲೆ ಕೈ ಊರಿ, ಇದರ ಅರ್ಥ ನನಗೆ ಆಗಲಿಲ್ಲ, ಹೇಳುತ್ತೀರಾ ಎಂದ. ಹರಿನಾಥ ಬಾಯಿ ತೆರೆದ. ಹೇಳಬೇಕಾದದ್ದು ಒಂದೇ ಶಬ್ದ. ಆದರೆ ಅದನ್ನು ಹೇಳಿದರೆ ಅಂದಿನ ಮಾತು, ವಿದ್ಯಾವಂತರು ಸರ್ ಎಂದದ್ದು, ಮೇಜಿನ ಮೇಲಿನಿಂದ ಎದ್ದು ಬಂದು ಕೆನ್ನೆಗೆ ಹೊಡೆಯುತ್ತದೆ. ಹೊರಗೆ ತೆಂಗಿನ ಮರಗಳು ಬಾಗಿ ಬಾಗಿ ಏಳುತ್ತಿದ್ದವು. ಇನ್ಸ್‌ಪೆಕ್ಟರ್ ಕಾದ. ಕಾದು, ದನಿ ತಗ್ಗಿಸಿ, ಅವರಿಗೆ ಟಿಕೇಟು ಯಾರಾದರೂ ತೆಗೆಸಿಕೊಟ್ಟದ್ದೇ ಎಂದು ಕೇಳಿದ. ಕೇಳಿದ ರೀತಿ ಮುಳುಗುವವನಿಗೆ ಕೋಲು ಚಾಚಿದ ಹಾಗಿತ್ತು, ಹರಿನಾಥ ಅದರ ತಪ್ಪು ತುದಿಯನ್ನು ಹಿಡಿದ.

"ನಾನೇ ಸರ್," ಎಂದ. "ನಾನೇ ತೆಗೆಸಿಕೊಟ್ಟದ್ದು. ಲೆಕ್ಕಕ್ಕೆ ಜನ ಕಾಣಲಿ ಅಂತ."

ಹೇಳಿದ ಕೂಡಲೇ ಒಂದು ವಿಚಿತ್ರ ಹಗುರ. ಕಳ್ಳತನಕ್ಕೆ ಇಂಗ್ಲಿಷಿನಲ್ಲಿ ಶಬ್ದಗಳಿದ್ದವು, ಅವೆಲ್ಲ ಅವನಿಗೆ ಗೊತ್ತಿದ್ದವು. ಅಂಥದ್ದು ಮಾಡುವವರು ಪಟ್ಟಣದವರು, ಕೋಟು ಹಾಕಿದವರು, ಪತ್ರಿಕೆಯಲ್ಲಿ ಹೆಸರು ಬರುವವರು. ಪಕ್ಕದಲ್ಲಿ ರಾಜೀವಿಯ ಉಸಿರು ನಿಂತದ್ದು ಅವನಿಗೆ ಕೇಳಿಸಿತು. ಅವಳಿಗೆ ಇಂಗ್ಲಿಷ್ ಅರ್ಥವಾಗುತ್ತದೆ ಎಂಬುದನ್ನು, ತಾನೇ ಕಷ್ಟಪಟ್ಟು ಅರ್ಥವಾಗುವ ಹಾಗೆ ಮಾಡಿದ್ದು ಎಂಬುದನ್ನು, ಆ ನಿಮಿಷಕ್ಕೆ ಮರೆತಿದ್ದ. ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಉಳ್ಳಾಲದಲ್ಲಿ ಗಾಡಿ ನಿಂತಾಗ ಟೋಪಿ ಸರಿಮಾಡಿಕೊಂಡು ಇಳಿದು ಮುಂದಿನ ಡಬ್ಬಿಗೆ ಹೋದ.

ರಾಜೀವಿ ಎದ್ದಳು. ಪುಸ್ತಕಗಳನ್ನು ಎದೆಗೊತ್ತಿ ಇಳಿದಳು. ಎಲ್ಲಿಗೆ ಎಂದು ಅವನು ಕೇಳುವಷ್ಟರಲ್ಲಿ ಅವಳೂ ಮುಂದಿನ ಡಬ್ಬಿ ಹತ್ತಿಯಾಗಿತ್ತು, ಗಾಡಿ ಹೊರಟಾಗಿತ್ತು. ಡಬ್ಬಿಯಿಂದ ಡಬ್ಬಿಗೆ ದಾರಿ ಇರಲಿಲ್ಲ. ನಡುವೆ ಒಂದು ಹಲಗೆಯ ಗೋಡೆ. ಅವನು ಅದಕ್ಕೆ ಕಿವಿಯಿಟ್ಟ. ಆ ಹೊತ್ತಿಗೆ ಸರಿಯಾಗಿ ನೇತ್ರಾವತಿಯ ಸೇತುವೆ ಬಂತು, ಕಬ್ಬಿಣವೆಲ್ಲ ಒಟ್ಟಿಗೆ ಕೂಗಿತು. ಕೆಳಗೆ ಹೊಳೆ ಕೆಂಪಾಗಿ, ಕಡಲಿಗೂ ತನಗೂ ನಡುವೆ ಗೆರೆಯಿಲ್ಲದೆ ಹರಡಿತ್ತು. ಅವಳು ತನ್ನನ್ನು ಬಿಟ್ಟುಕೊಡುತ್ತಿದ್ದಾಳೆ, ಬಿಟ್ಟುಕೊಡಲಿ, ಇಲ್ಲ ಬೇಡ ಎಂದು ಮನಸ್ಸು ಆ ದಡಕ್ಕೂ ಈ ದಡಕ್ಕೂ ಓಡಾಡಿತು. ಸಣ್ಣವಳಿರುವಾಗ ಇದೇ ಸೇತುವೆಯ ಮೇಲೆ ಅವಳು ಹೆದರಿ ಅವನ ಅಂಗಿಯೊಳಗೆ ಮುಖ ತೂರಿಸುತ್ತಿದ್ದಳು. ಆಗ ಅವನು ಅವಳ ಕಿವಿ ಮುಚ್ಚಿ, ಹೊಳೆ ಮುಗಿಯುವವರೆಗೆ ಎಂತೆಂತದೋ ಸುಳ್ಳು ಕತೆ ಹೇಳುತ್ತಿದ್ದ. ಖಾಲಿ ಡಬ್ಬಿಯಲ್ಲಿ ಅವನೀಗ ನಿಲ್ಲಲೂ ಆಗದೆ, ಕೂರಲೂ ಆಗದೆ, ಸಂಘದ ಅಷ್ಟೂ ಅರ್ಜಿಗಳ ಏಕೈಕ ಪ್ರಯಾಣಿಕನಾಗಿ ಮಂಗಳೂರಿಗೆ ಹೋದ.

ಅವನು ಇಳಿಯುವ ಹೊತ್ತಿಗೆ ಇನ್ಸ್‌ಪೆಕ್ಟರ್ ರಾಜೀವಿಗೆ ಏನೋ ಹೇಳಿ, ಹರಿನಾಥನ ಕಡೆ ನೋಡಿ ಒಂದು ಸಲ ತಲೆಬಾಗಿಸಿ, ಹೊರಟುಹೋದ. ರಾಜೀವಿ ಹತ್ತಿರ ಬಂದಳು.

"ಸೋಮವಾರದಿಂದ ಗಾಡಿ ಇಲ್ಲಂತೆ ಅಪ್ಪ."

"ನೀನು ಎಂತ ಹೇಳಿದ್ದು ಅವರಿಗೆ?"

"ಆಟಿ ಅಂತ ಹೇಳಿದೆ."

"ಇಂಗ್ಲಿಷಿನಲ್ಲಿ ಹೇಗೆ ಹೇಳಿದೆ ಅದನ್ನು?"

"ಆಟಿ ಅಂತಲೇ. ಅವರಲ್ಲಿ ಅದಕ್ಕೆ ಆಡಿ ಅಂತಾರಂತೆ. ಅವರಿಗೆ ಹೊಸ ಮದುವೆ. ಹೆಂಡತಿ ತವರಿಗೆ ಹೋಗಿದ್ದಾಳಂತೆ, ಇವರಿಗೆ ಈ ತಿಂಗಳು ಹೋಟೆಲಿನ ಊಟ." ಅವಳು ನಿಲ್ಲಿಸಿ, ಅವನ ಮುಖ ನೋಡದೆ ಮುಂದುವರಿಸಿದಳು. "ಅಂದು ತಾರೀಕು ಕೇಳಿದ್ದು ಅದಕ್ಕೇ ಅಂತೆ. ನೀವು ಯಾವಾಗಲೂ ಆಗ್ತದೆ ಅಂದದ್ದಕ್ಕೆ ನಮ್ಮ ಕಡೆ ಇದೆಲ್ಲ ಇಲ್ಲ ಅಂತ ತಿಳ್ಕೊಂಡ್ರಂತೆ."

ಕೂಲಿಯವರು ಗೋಣಿ ಹೊತ್ತು ಅವರಿಬ್ಬರ ನಡುವೆ ದಾಟಿ ಹೋದರು. ಅವರು ದಾಟುವವರೆಗೆ ಹರಿನಾಥ ಒಂದು ವಾಕ್ಯ ಜೋಡಿಸಿಟ್ಟುಕೊಂಡ.

"ಹಾಗಾದ್ರೆ ಈಗ ಗೊತ್ತಾಯ್ತಲ್ಲ. ಬರೀಬಹುದಲ್ಲ ಅವರು, ಸೋಣದಲ್ಲಿ ಇನ್ನೊಮ್ಮೆ ನೋಡುವ ಅಂತ."

"ಬರೀತಿದ್ರು. ಟಿಕೇಟು ನೀವು ತೆಗೆಸಿದ್ದು ಅಂತ ಹೇಳಿಯಾಯ್ತಲ್ಲ ಅಪ್ಪ. ನಿನ್ನ ತಂದೆ ಹೇಳಿದ್ದು ನಿಜವಾ, ನೀನು ಹೇಳುದು ನಿಜವಾ ಅಂತ ಕೇಳಿದ್ರು." ಅವಳು ಪುಸ್ತಕದ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು. "ನಿಮ್ಮನ್ನು ಸುಳ್ಳುಗಾರ ಅಂತ ನಾನು ಹೇಗೆ ಹೇಳುದು? ಸುಮ್ಮನಾದೆ."

ಅವನು ಅವಳ ಕೈಯಿಂದ ಕೊಡೆ ತೆಗೆದುಕೊಳ್ಳಲು ಹೋದ, ಯಾಕೆ ಎಂದು ಅವನಿಗೇ ತಿಳಿಯಲಿಲ್ಲ. ಅವಳು ಕೊಡಲಿಲ್ಲ. ಇವತ್ತು ಸಂಜೆ ತಾನು ಬರುವುದಿಲ್ಲ ಎಂದಳು. ತನ್ನ ಕ್ಲಾಸಿನ ಪ್ರಫುಲ್ಲಾ ಎಂಬವಳ ಮನೆ ಶಾಲೆಯ ಹಿಂದೆಯೇ ಉಂಟು, ಅವಳ ತಾಯಿಯ ಹತ್ತಿರ ಮೊನ್ನೆಯೇ ಕೇಳಿ ಇಟ್ಟದ್ದಾಗಿದೆ, ಟ್ರೈನಿಂಗ್ ಮುಗಿಯುವವರೆಗೆ ಅಲ್ಲಿ ಇರುತ್ತೇನೆ, ಶನಿವಾರ ಬಸ್ಸಿಗೆ ಬಂದು ಬಟ್ಟೆ ತೆಗೆದುಕೊಂಡು ಹೋಗುತ್ತೇನೆ. ಮೊನ್ನೆಯೇ ಎಂದದ್ದು ಅವನಿಗೆ ತಾಗಿತು. ಊರಿಡೀ ಅವನು ಗಾಡಿ ಉಳಿಯುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದಾಗ ಇವಳು, ಒಬ್ಬಳೇ, ಇನ್ನೊಬ್ಬರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಾಳೆ.

"ಅಜ್ಜಿಗೆ ನಾನು ಎಂತ ಹೇಳುದು?"

"ಇದ್ದದ್ದನ್ನು ಹೇಳಿ," ಎಂದಳು ರಾಜೀವಿ. ಹೊತ್ತಾಯಿತು ಎಂದು ಹೋದಳು.

ಅವನಿಗೆ ಮಂಗಳೂರಿನಲ್ಲಿ ಕೆಲಸವಿರಲಿಲ್ಲ. ಹಿಂದೆ ಹೋಗುವ ಗಾಡಿ ಸಂಜೆಗೆ. ಬೆಂಚಿನಲ್ಲಿ ಕೂತು ಇದ್ದದ್ದನ್ನು ಹೇಳುವ ಅಭ್ಯಾಸ ಮಾಡಿದ. ಮೊದಲು ಅತ್ತೆಗೆ, ಆಮೇಲೆ ಜಲಜಾಕ್ಷಿಗೆ, ಆಮೇಲೆ ಕಿಟ್ಟಣ್ಣನಿಗೆ. ತಾರೀಕು ಅವರು ಇಟ್ಟದ್ದಲ್ಲ, ನನ್ನಲ್ಲಿ ಕೇಳಿದ್ದರು. ಇಷ್ಟೇ. ತುಳುವಿನಲ್ಲಿ ಹೇಳಿದರೆ ಇನ್ನೂ ಚಿಕ್ಕದಾಗುತ್ತದೆ. ತುಟಿ ಅಲ್ಲಾಡುವುದನ್ನು ಕಂಡು ಎದುರಿನ ಬೆಂಚಿನ ಹೆಂಗಸು ತನ್ನ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಹಳೆಯ ಗಾಡಿ ಬಂತು, ಕಿಟಕಿ ಬಾಗಿಲೆಲ್ಲ ಜನ ತುಂಬಿಕೊಂಡು, ನೆಲವನ್ನು ನಡುಗಿಸುತ್ತ. ಉಗ್ಗಪ್ಪಣ್ಣ ಎಲ್ಲರಿಗಿಂತ ಮೊದಲು ಇಳಿದು, ಕಣ್ಣಿಗೆ ಕೈ ಅಡ್ಡಹಿಡಿದು ಹುಡುಕಿ, ಇವನನ್ನು ಕಂಡು ಬಳಿಗೆ ಬಂದು ಪಕ್ಕದಲ್ಲಿ ಕೂತರು. ಅವರ ಮುಖದಲ್ಲಿ ಬೆಳಗಿನ ಸಂತೋಷ ಹಾಗೆಯೇ ಇತ್ತು. ನಾಳೆಗೆ ಕುಂಬಳೆಯ ಕಡೆಯವರಿಗೂ ಹೇಳಿ ಕಳಿಸಿದ್ದಾರಂತೆ, ಅಲ್ಲಿಯೂ ಟಿಕೇಟು ತೆಗೆಯುತ್ತಾರಂತೆ. ಹರಿನಾಥನ ಮೊಣಕಾಲಿನ ಮೇಲೆ ಕೈಯಿಟ್ಟು ಕೇಳಿದರು:

"ಹೇಗೆ ಹರಿಯಣ್ಣ, ಸಾಹೇಬ್ರಿಗೆ ಖುಷಿ ಆಯ್ತಾ?"

ಹರಿನಾಥ ಅವರ ಮಂಜು ಕಟ್ಟಿದ ಕಣ್ಣುಗಳನ್ನು ನೋಡಿದ.

"ಆಯ್ತು," ಎಂದ.